ಮನೇಲಿ ನೈಟಿ, ಡ್ಯೂಟಿಗೆ ಯೂನಿಫಾರ್ಮ್: ಐಇಎಲ್‌ಟಿಎಸ್ ಸ್ಪೀಕಿಂಗ್‌ನಲ್ಲಿ ಇದನ್ನೆಲ್ಲ ಹೇಳಬಹುದಾ?

ಪ್ರಶ್ನೆ: ನಾನು ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಊರು ಆಲೂರು ತಾಲ್ಲೂಕಿನ ಒಂದು ಹಳ್ಳಿ. ಇಂಗ್ಲೆಂಡಿನಲ್ಲಿ ಕೆಲಸಕ್ಕೆ ಸೇರಬೇಕು ಅಂತ ಐಇಎಲ್‌ಟಿಎಸ್ ಅಕಾಡೆಮಿಕ್, ಅಂದರೆ ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಪರೀಕ್ಷೆ, ತೆಗೆದುಕೊಂಡೆ. ಲಿಸನಿಂಗ್, ರೀಡಿಂಗ್ ಎರಡರಲ್ಲೂ 7 ಬಂತು, ರೈಟಿಂಗ್‌ನಲ್ಲಿ 6.5. ಸ್ಪೀಕಿಂಗ್‌ಗೆ 7 ಬೇಕಿತ್ತು, 6.5ಕ್ಕೆ ನಿಂತುಹೋಯಿತು. ಶುರುವಿನಲ್ಲೇ ಬಟ್ಟೆ ಬಗ್ಗೆ ಕೇಳಿದರು. ಕೋಚಿಂಗ್‌ನಲ್ಲಿ ಕೊಟ್ಟ ಉತ್ತರ ಬಾಯಿಪಾಠ ಇತ್ತು. ಜೀನ್ಸ್, ಟೀ ಶರ್ಟ್, ‘ಕ್ಯಾಶುಯಲ್ ಅಟೈರ್’ ಅಂತೆಲ್ಲ ಹೇಳಿದೆ. ಕೊನೇ ಸಲ ಬಟ್ಟೆ ಕೊಂಡಿದ್ದು ಯಾವಾಗ ಅಂದರು. ಅಲ್ಲಿ ತಡವರಿಸಿದೆ. ನಿಜ ಹೇಳಬೇಕು ಅಂದ್ರೆ ನನ್ನ ಹತ್ತಿರ ಜೀನ್ಸೇ ಇಲ್ಲ. ಡ್ಯೂಟಿಯಲ್ಲಿ ಯೂನಿಫಾರ್ಮ್, ಮನೆಯಲ್ಲಿ ನೈಟಿ, ಹಬ್ಬಕ್ಕೆ ಸೀರೆ. ಇದನ್ನೆಲ್ಲ ಹೇಳಿದರೆ ಹಳ್ಳಿಯವಳು ಅಂತ ಅಂಕ ಕಡಿಮೆ ಮಾಡ್ತಾರಾ? ಚೂಡಿದಾರ್ ಹಾಕಿಕೊಂಡು ಹೋಗಿದ್ದೂ ತಪ್ಪಾಯಿತಾ? ಮತ್ತೆ ಪೂರ್ತಿ ಪರೀಕ್ಷೆ ಬರೆಯಬೇಕಾ, ಬೇರೆ ದಾರಿ ಇದೆಯಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಭಯ ಒಂದಕ್ಕೊಂದು ಹೆಣೆದುಕೊಂಡಿವೆ. ನಾನು ಹಾಕೋ ಬಟ್ಟೆ ಹೊರಗಿನವರ ಮುಂದೆ ಹೇಳಿಕೊಳ್ಳುವಂಥದ್ದಲ್ಲ ಅನ್ನೋದು ಒಂದು. ನನ್ನ ಇಂಗ್ಲಿಷ್ ಸಾಲದು ಅನ್ನೋದು ಇನ್ನೊಂದು. ಮೊದಲನೆಯದನ್ನು ಇವತ್ತೇ ಬಿಟ್ಟುಬಿಡಿ. ಎರಡನೆಯದರಲ್ಲಿ ಸ್ವಲ್ಪ ನಿಜ ಇದೆ, ಆದರೆ ನೀವು ಹೆದರಿದಷ್ಟಿಲ್ಲ. 6.5 ಬಂದವರಿಗೆ ಇಂಗ್ಲಿಷ್ ಬರಲ್ಲ ಅಂತ ಯಾರೂ ಹೇಳುವುದಿಲ್ಲ.

ಹಾಸನದಲ್ಲಿ ಈ ಪರೀಕ್ಷೆಗೆ ತಯಾರಿ ಮಾಡಿಸುವುದೇ ನನ್ನ ಕೆಲಸ. ನನ್ನ ಹತ್ತಿರ ಬರುವವರಲ್ಲಿ ನರ್ಸ್‌ಗಳೇ ಜಾಸ್ತಿ. ಪೆನ್ಷನ್ ಬಗ್ಗೆ, ಪರಿಸರ ಮಾಲಿನ್ಯದ ಬಗ್ಗೆ ಕೇಳಿದರೆ ಹೇಗೋ ಎರಡು ಮಾತು ಆಡುತ್ತಾರೆ. ನಿಮಗೆ ಎಂಥ ಬಟ್ಟೆ ಇಷ್ಟ ಅಂದರೆ ಬಾಯಿ ಕಟ್ಟಿಬಿಡುತ್ತದೆ. ಇದು ನಿಮ್ಮೊಬ್ಬರ ಕಥೆ ಅಲ್ಲ.

ಮೊದಲು ಅಂಕದ ಲೆಕ್ಕ ನೋಡೋಣ. ಸ್ಪೀಕಿಂಗ್ ಪರೀಕ್ಷೆ ಒಟ್ಟು 11ರಿಂದ 14 ನಿಮಿಷ, ಅದರಲ್ಲಿ ಮೂರು ಭಾಗ. ಪರೀಕ್ಷಕರ ಮುಂದೆ ಇರುವ ಅಳತೆ ನಾಲ್ಕೇ. ತಡೆ ಇಲ್ಲದೆ, ಒಂದು ಮಾತಿಗೆ ಇನ್ನೊಂದು ಮಾತು ಕೂಡುವ ಹಾಗೆ ಮಾತಾಡುತ್ತೀರಾ ಅನ್ನೋದು ಒಂದು. ಪದಗಳ ಬಳಕೆ ಇನ್ನೊಂದು. ಆಮೇಲೆ ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಪಾಲು, ತಲಾ 25%. ನೀವು ಜೀನ್ಸ್ ಹಾಕುತ್ತೀರೋ ನೈಟಿ ಹಾಕುತ್ತೀರೋ ಅನ್ನುವುದಕ್ಕೆ ಅಲ್ಲಿ ಕಾಲಮ್ಮೇ ಇಲ್ಲ. ಪೂರ್ತಿ ಮಾತುಕತೆ ರೆಕಾರ್ಡ್ ಆಗುತ್ತದೆ. ಬೇಕಾದರೆ ಇನ್ನೊಬ್ಬ ಪರೀಕ್ಷಕರು ಅದನ್ನೇ ಕೇಳಿ ಅಂಕ ಕೊಡಬಹುದು. ರೆಕಾರ್ಡಿಂಗ್ ಕೇಳುವವರಿಗೆ ನೀವು ಹಾಕಿಕೊಂಡಿದ್ದ ಚೂಡಿದಾರ್ ಕಾಣುವುದೇ ಇಲ್ಲವಲ್ಲ!

ಹಾಗಾದರೆ 6.5 ಯಾಕೆ ಬಂತು? ಆ ನಾಲ್ಕರಲ್ಲಿ ಒಂದೆರಡರಲ್ಲಾದರೂ ನಿಮಗೆ 6 ಬಿದ್ದಿದೆ ಅಂತ ಅರ್ಥ. ನಿಮ್ಮ ಮಾತು ಕೇಳದೆ ಎಲ್ಲಿ ಅಂತ ಹೇಳಲಾರೆ. ಆದರೆ ನೀವು ಬರೆದಿದ್ದರಲ್ಲೇ ಒಂದು ಸುಳಿವಿದೆ, ಆ ಜೀನ್ಸಿನ ಉತ್ತರ.

ಪರೀಕ್ಷಕರ ಕಿವಿಗೆ ಅದು ಹೇಗೆ ಕೇಳಿಸಿರುತ್ತದೆ ಅಂತ ಒಮ್ಮೆ ಯೋಚಿಸಿ. ಹೆಸರು, ಊರು, ಕೆಲಸ ಹೇಳುವಾಗ ನೀವು ನಿಮ್ಮ ಸಹಜ ವೇಗದಲ್ಲಿ ಇದ್ದಿರಿ. ಬಟ್ಟೆ ಅಂದ ತಕ್ಷಣ ಸ್ವಿಚ್ ಹಾಕಿದ ಹಾಗೆ ‘ಕ್ಯಾಶುಯಲ್ ಅಟೈರ್’ ಶುರುವಾಯಿತು. ವೇಗ ಜಾಸ್ತಿ, ಏರಿಳಿತ ಇಲ್ಲ, ಉಸಿರು ತೆಗೆದುಕೊಂಡಿದ್ದೂ ಸರಿಯಾದ ಜಾಗದಲ್ಲಿ ಅಲ್ಲ. ಮುಂದಿನ ಪ್ರಶ್ನೆಗೆ ಅದೇ ಬಾಯಲ್ಲಿ ‘ಐ… ಐ… ಲಾಸ್ಟ್ ಟೈಮ್… ಐ ಬಾಟ್…’ ಅಂತ ಬಂತು. ಬಾಯಿಪಾಠ ಹಿಡಿಯುವುದಕ್ಕೆ ಪರೀಕ್ಷಕರಿಗೆ ತರಬೇತಿಯೇ ಇರುತ್ತದೆ. ಸಿಕ್ಕಿಬಿದ್ದ ತಕ್ಷಣ ಫೇಲ್ ಮಾಡುವುದಿಲ್ಲ. ಆದರೆ ಬಾಯಿಪಾಠದ ಮಾತನ್ನು ನಿಮ್ಮ ಇಂಗ್ಲಿಷ್ ಅಂತ ಎಣಿಸುವುದಿಲ್ಲ. ಅದರಾಚೆ ಏನು ಬರುತ್ತದೋ ಅದೇ ಲೆಕ್ಕಕ್ಕೆ ಬರುವುದು. ಅಲ್ಲಿ ನೀವು ತಡವರಿಸಿದಿರಿ.

ಸುಳ್ಳು ಹೇಳಿದ್ದು ತಪ್ಪಾಯಿತಾ ಅಂದರೆ, ನೀತಿಯ ಲೆಕ್ಕದಲ್ಲಿ ತಪ್ಪೇನಿಲ್ಲ. ಇದು ಭಾಷೆಯ ಪರೀಕ್ಷೆ, ಸತ್ಯದ ಪರೀಕ್ಷೆ ಅಲ್ಲ. ಯಾರೂ ನಿಮ್ಮ ಬೀರು ತೆಗೆದು ನೋಡುವುದಿಲ್ಲ. ಕಷ್ಟ ಇರುವುದು ಬೇರೆ ಕಡೆ. ಇಲ್ಲದ ಜೀನ್ಸಿಗೆ ಅಂಗಡಿ ಹುಟ್ಟಿಸಬೇಕು, ಬೆಲೆ ಹುಟ್ಟಿಸಬೇಕು, ಜೊತೆಗೆ ಹೋದ ಗೆಳತಿಯನ್ನೂ ಹುಟ್ಟಿಸಬೇಕು. ಅದನ್ನೆಲ್ಲ ಇಂಗ್ಲಿಷಿನಲ್ಲಿ ಬೇರೆ ಹೇಳಬೇಕು. ತಲೆಗೆ ಎರಡು ಕೆಲಸ ಒಟ್ಟಿಗೆ ಬಿದ್ದರೆ ನಾಲಿಗೆ ನಿಲ್ಲುತ್ತದೆ. ಕಥೆ ಕಟ್ಟುವುದು ಸಲೀಸಾಗಿ ಬರುವವರು ಕಟ್ಟಲಿ ಬಿಡಿ. ನಿಮಗೆ ಅದು ಆಗಿಬರುವ ಹಾಗೆ ಕಾಣಲ್ಲ.

ಇನ್ನೊಂದು ಕಾರಣ ನಮ್ಮ ಕಡೆಯದು. ನಮ್ಮ ಮನೆಗಳಲ್ಲಿ ‘ನಿನಗೆ ಯಾವ ಬಟ್ಟೆ ಇಷ್ಟ, ಯಾಕೆ ಇಷ್ಟ’ ಅಂತ ಯಾರು ಕೂರಿಸಿಕೊಂಡು ಕೇಳುತ್ತಾರೆ? ಹಬ್ಬಕ್ಕೆ ಕೊಡಿಸಿದ್ದು ಹಾಕಿಕೊಂಡೆವು. ಅಕ್ಕನಿಗೆ ಬಿಗಿಯಾಗಿದ್ದು ತಂಗಿಗೆ ಬಂತು. ಕೇಳಿದರೂ ‘ಯಾವುದಾದ್ರೂ ಆಯ್ತು’ ಅನ್ನೋದೇ ಮರ್ಯಾದೆ. ಹಾಗಾಗಿ ಈ ವಿಷಯದಲ್ಲಿ ಕನ್ನಡದಲ್ಲೇ ನಮ್ಮ ಹತ್ತಿರ ಮಾತಿಲ್ಲ. ಮಾತಿಲ್ಲದ ಕಡೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಅದಕ್ಕೇ ನಾನು ಮೊದಲನೇ ವಾರ ಇಂಗ್ಲಿಷ್ ಮಾತಾಡಿಸುವುದೇ ಇಲ್ಲ. ನಿನ್ನ ಬಟ್ಟೆ ಬಗ್ಗೆ ಕನ್ನಡದಲ್ಲೇ ಎರಡು ನಿಮಿಷ ಹೇಳಮ್ಮಾ ಅಂತೀನಿ. ಆಗ ವಿಷಯ ತಾನಾಗಿ ಹೊರಗೆ ಬರುತ್ತದೆ.

ನಿಮ್ಮ ವಿಷಯವನ್ನೇ ತೆಗೆದುಕೊಳ್ಳಿ. ನಿಮ್ಮದು ಆಲೂರಿನ ಕಡೆ. ಜೂನ್‌ನಲ್ಲಿ ಹಿಡಿದ ಮಳೆ ಆಗಸ್ಟ್ ಕಳೆದರೂ ಸರಿಯಾಗಿ ಬಿಡುವುದಿಲ್ಲ. ಕಾಟನ್ ಬಟ್ಟೆ ಒಗೆದರೆ ಮೂರು ದಿನವಾದರೂ ಒಣಗಲ್ಲ. ಬಚ್ಚಲುಮನೆ ಒಲೆಯ ಮೇಲೆ ಹಗ್ಗ ಕಟ್ಟಿ ಹಾಕುತ್ತೀರಿ. ಬಟ್ಟೆಯೆಲ್ಲ ಹೊಗೆ ವಾಸನೆ. ಆ ವಾಸನೆ ಹೊತ್ತುಕೊಂಡು ವಾರ್ಡಿಗೆ ಹೋಗುವುದಕ್ಕೆ ಮುಜುಗರ. ಹಾಗಾಗಿ ಮಳೆಗಾಲದಲ್ಲಿ ಬೇಗ ಒಣಗುವ ಪಾಲಿಯೆಸ್ಟರ್, ಬೇಸಿಗೆಯಲ್ಲಿ ಕಾಟನ್. ಇದಕ್ಕಿಂತ ಒಳ್ಳೆ ಉತ್ತರ ಬೇಕಾ? ಎಲ್ಲರೂ ‘ಐ ಪ್ರಿಫರ್ ಕಾಟನ್ ಬಿಕಾಸ್ ಇಟ್ ಈಸ್ ಕಂಫರ್ಟಬಲ್’ ಅಂತ ನಿಲ್ಲಿಸುತ್ತಾರೆ. ನೀವು ಹೀಗೆ ಹೇಳಬಹುದು: ‘ಐ ಲೈಕ್ ಕಾಟನ್, ಬಟ್ ಇನ್ ದ ರೇನಿ ಸೀಸನ್ ಐ ಹಾರ್ಡ್‌ಲಿ ಎವರ್ ವೇರ್ ಇಟ್, ಬಿಕಾಸ್ ಇಟ್ ಟೇಕ್ಸ್ ಡೇಸ್ ಟು ಡ್ರೈ.’ ಒಂದೇ ವಾಕ್ಯದಲ್ಲಿ ಇಷ್ಟ ಬಂತು, ‘ಆದರೆ’ ಬಂತು, ಕಾರಣ ಬಂತು. ಇದರಲ್ಲಿ ನಿಘಂಟು ತೆಗೆಯಬೇಕಾದ ಒಂದು ಪದವೂ ಇಲ್ಲ.

ಮೊದಲ ಭಾಗದಲ್ಲಿ ಇಷ್ಟು ಸಾಕು. ಅದು 4ರಿಂದ 5 ನಿಮಿಷ, ಅಷ್ಟರಲ್ಲಿ ಹಲವು ಪ್ರಶ್ನೆ ಬರುತ್ತವೆ. ಒಂದೊಂದಕ್ಕೆ ಎರಡು ಮೂರು ವಾಕ್ಯ ಹೇಳಿದರೆ ಸರಿ. ಮಧ್ಯದಲ್ಲಿ ನಿಲ್ಲಿಸಿ ಮುಂದಿನದು ಕೇಳಿದರೆ ಗಾಬರಿ ಬೇಡ. ಅವರು ಗಡಿಯಾರ ನೋಡಿಕೊಂಡು ನಡೆಸಬೇಕು, ಅಷ್ಟೇ.

ಈಗ ನೈಟಿಗೆ ಬರೋಣ. ಇದನ್ನು ಧಾರಾಳವಾಗಿ ಹೇಳಿ. ಒಂದೇ ಎಚ್ಚರಿಕೆ. ನಮ್ಮಲ್ಲಿ ನೈಟಿ ಅಂದರೆ ಹಗಲಿನ ಬಟ್ಟೆ. ಇಂಗ್ಲಿಷರ ಕಿವಿಗೆ ಅದು ರಾತ್ರಿ ಮಲಗುವಾಗ ಹಾಕುವುದು ಮಾತ್ರ. ಹಾಗಾಗಿ ಸುಮ್ನೆ ನೈಟಿ ಅಂತ ಬಿಟ್ಟರೆ, ಹಗಲೆಲ್ಲ ಮಲಗುವ ಬಟ್ಟೆಯಲ್ಲೇ ಇರ್ತಾರಾ ಅಂತ ಅಂದುಕೊಂಡಾರು. ಒಂದು ವಾಕ್ಯ ಸೇರಿಸಿ. ಉದ್ದಕ್ಕೆ, ಸಡಿಲವಾಗಿ ಇರುವ ಹತ್ತಿ ಗೌನು. ನಮ್ಮ ಕಡೆ ಹೆಂಗಸರು ಮನೆಗೆಲಸ ಮಾಡುವಾಗ ಹಾಕುತ್ತಾರೆ. ಹಾಲಿನವನು ಬಂದರೆ ಮೇಲೊಂದು ಟವೆಲ್ ಹೊದ್ದು ಬಾಗಿಲಿಗೆ ಹೋಗುತ್ತಾರೆ. ಈ ಟವೆಲ್ ವಿಷಯ ಹೇಳಿದಾಗ ನನ್ನ ಕ್ಲಾಸಿನಲ್ಲಿ ನಗದವರು ಇಲ್ಲ, ಯಾಕೆಂದರೆ ಎಲ್ಲರ ಮನೆಯಲ್ಲೂ ಆ ಟವೆಲ್ ಇದೆ! ಪರೀಕ್ಷೆಯ ದೃಷ್ಟಿಯಿಂದ ಇನ್ನೊಂದು ಲಾಭವೂ ಇದೆ. ಗೊತ್ತಿಲ್ಲದವರಿಗೆ ಒಂದು ವಸ್ತುವನ್ನು ಬೇರೆ ಮಾತಿನಲ್ಲಿ ಬಿಡಿಸಿ ಹೇಳುವುದು ಪದಬಳಕೆಯ ಅಂಕದಲ್ಲಿ ಅವರು ಹುಡುಕುವ ಗುಣ. 7ಕ್ಕೆ ಅದು ಬೇಕೇ ಬೇಕು. ಸೀರೆ, ಸೆರಗು, ಪಂಚೆ, ಕಂಬಳಿ ಯಾವುದು ಬಂದರೂ ಇದೇ ರೀತಿ.

ಯೂನಿಫಾರ್ಮ್ ಅಂತೂ ನಿಮಗೆ ಚಿನ್ನದಂಥ ವಿಷಯ. ನೀವು ಅದನ್ನು ಬಟ್ಟೆ ಅಂತ ಎಣಿಸಿಯೇ ಇಲ್ಲ ಅನ್ನಿಸುತ್ತದೆ. ವಾರದಲ್ಲಿ ಆರು ದಿನ ಹಾಕುವುದು ಅದನ್ನೇ ಅಲ್ವಾ? ಜೇಬು ಎಷ್ಟಿರಬೇಕು, ಬಿಳಿ ಬಣ್ಣಕ್ಕೆ ಬೆಟಾಡಿನ್ ಕಲೆ ಬಿದ್ದರೆ ಏನು ಗತಿ, ರಾತ್ರಿ ಪಾಳಿಯಲ್ಲಿ ಮೇಲೆ ಸ್ವೆಟರ್ ಹಾಕಲು ಬಿಡುತ್ತಾರಾ ಇಲ್ವಾ. ಹಾಸನಕ್ಕೆ ‘ಬಡವರ ಊಟಿ’ ಅಂತ ಸುಮ್ನೆ ಹೆಸರು ಬಂದಿಲ್ಲ. ಡಿಸೆಂಬರ್ ರಾತ್ರಿ ವಾರ್ಡಿನಲ್ಲಿ ನಡುಗುವವರಿಗೆ ಅದು ಗೊತ್ತು. ಇನ್ನು ಬಳೆ. ಡ್ಯೂಟಿಗೆ ಹೋಗುವಾಗ ಬಳೆ ತೆಗೆಯುತ್ತೀರಿ, ಶುಕ್ರವಾರ ಬೋಳು ಕೈಯಲ್ಲಿ ಹೋಗ್ತೀಯಲ್ಲೇ ಅಂತ ಮನೆಯಲ್ಲಿ ಅಮ್ಮ ಗೊಣಗುತ್ತಾರೆ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲೂ ರೋಗಿಗಳನ್ನು ಮುಟ್ಟುವ ಸಿಬ್ಬಂದಿ ಮೊಣಕೈ ಕೆಳಗೆ ತೋಳು ಬರಿದಾಗಿರಬೇಕು ಅನ್ನುವ ನಿಯಮ ಇದೆ. ಗಿಡ್ಡ ತೋಳು, ವಾಚ್ ಇಲ್ಲ, ಬಳೆ ಇಲ್ಲ. ಸೋಂಕು ತಡೆಯಲು ಕೈ ಚೆನ್ನಾಗಿ ತೊಳೆಯಬೇಕು ಅಂತ. ಜನ ಯಾಕೆ ಯೂನಿಫಾರ್ಮ್ ಹಾಕುತ್ತಾರೆ ಅಂತ ಮೂರನೇ ಭಾಗದಲ್ಲಿ ಕೇಳಿದರೆ, ‘ಯೂನಿಟಿ’, ‘ಡಿಸಿಪ್ಲಿನ್’ ಅಂತ ಹಳೇ ರಾಗ ಹಾಡುವ ಬದಲು ಈ ಬಳೆಯ ವಿಷಯ ಹೇಳಿ. ವಾದವೂ ಇದೆ, ಉದಾಹರಣೆಯೂ ಇದೆ.

ಮೂರನೇ ಭಾಗದಲ್ಲಿ ನಿಮ್ಮೊಬ್ಬರ ಬಗ್ಗೆ ಕೇಳುವುದಿಲ್ಲ. ಜನರ ಬಗ್ಗೆ, ಕಾಲದ ಬಗ್ಗೆ ಕೇಳುತ್ತಾರೆ. ಅದಕ್ಕೂ ಸಾಮಾನು ಇಲ್ಲೇ ಇದೆ. ಬೆಳಗ್ಗೆ ಗಾರ್ಮೆಂಟ್ಸ್ ಬಸ್ಸಿಗೆ ಓಡುವ ಹೆಣ್ಣುಮಕ್ಕಳು ಏನು ಹಾಕಿರುತ್ತಾರೆ, ಅವರ ಅಮ್ಮಂದಿರು ಹೊಲಕ್ಕೆ ಏನು ಉಟ್ಟು ಹೋಗುತ್ತಿದ್ದರು ಅಂತ ಹೋಲಿಸಿದರೆ ಸಾಕು.

ಎರಡನೇ ಭಾಗದಲ್ಲಿ ವಿಷಯ ಬರೆದು ಕೊಡುವ ಕಾರ್ಡ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ನಿಮಿಷ ಯೋಚಿಸಿ ಎರಡು ನಿಮಿಷದವರೆಗೆ ಮಾತಾಡಬೇಕು. ವಿಶೇಷ ದಿನಕ್ಕೆ ಹಾಕಿದ ಬಟ್ಟೆ ಅಂತ ಬಂದರೆ ಹಾಸನಾಂಬ ದರ್ಶನಕ್ಕೆ ಉಟ್ಟ ಸೀರೆ ಹೇಳಬಹುದು. ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನಲ್ಲಿ ಮಾತ್ರ ಬಾಗಿಲು ತೆಗೆಯುವ ದೇವಸ್ಥಾನ, ಗಂಟೆಗಟ್ಟಲೆ ಸಾಲು, ಆ ಸಾಲಿನಲ್ಲಿ ರೇಷ್ಮೆ ಸೀರೆಯ ನೆರಿಗೆ ಕಾಪಾಡುವ ಕಷ್ಟ. ಎರಡು ನಿಮಿಷ ಸಾಲುವುದಿಲ್ಲ.

ಈಗ ಭಾಷೆಯ ಕಡೆ. ನಮ್ಮವರು ಬಟ್ಟೆಯ ವಿಷಯದಲ್ಲಿ ಪದೇ ಪದೇ ಎಡವುವ ಜಾಗಗಳು ಕೆಲವಿವೆ. ದೊಡ್ಡದು ಇದು: ‘ಡೈಲಿ ಐ ಆಮ್ ವೇರಿಂಗ್ ಯೂನಿಫಾರ್ಮ್.’ ‘ಹಾಕ್ಕೊಳ್ತಾ ಇದೀನಿ’ ಅನ್ನುವುದು ತಲೆಯಲ್ಲಿ ಇರುವುದರಿಂದ ಹಾಗೆ ಬರುತ್ತದೆ. ದಿನಾ ಮಾಡುವುದಕ್ಕೆ ‘ಐ ವೇರ್ ಎ ಯೂನಿಫಾರ್ಮ್’ ಅಂದರೆ ಮುಗಿಯಿತು. ‘ಐ ಆಮ್ ವೇರಿಂಗ್’ ಅಂದರೆ ಈ ಕ್ಷಣ ಮೈಮೇಲೆ ಇರುವುದು. ಹಿಂದೆ ಹಾಕುತ್ತಿದ್ದು ಈಗ ಬಿಟ್ಟಿದ್ದಕ್ಕೆ ‘ಐ ಯೂಸ್ಡ್ ಟು ವೇರ್’ ಅನ್ನಿ. ಈ ಮೂರನ್ನು ಸರಿಯಾದ ಕಡೆ ಇಟ್ಟರೆ ವ್ಯಾಕರಣದಲ್ಲಿ ನಿಮಗೆ ಎಷ್ಟು ಬಗೆ ಗೊತ್ತು ಅನ್ನುವುದೂ ಕಾಣಿಸುತ್ತದೆ. ಪ್ಯಾಂಟ್‌ಗೆ ‘ಟ್ರೌಸರ್ಸ್’ ಅನ್ನಿ. ಬ್ರಿಟನ್ನಿನಲ್ಲಿ ಪ್ಯಾಂಟ್ಸ್ ಅಂದರೆ ಒಳಉಡುಪು. ಪರೀಕ್ಷೆಯಲ್ಲಿ ಅಂಕ ಹೋಗದಿದ್ದರೂ ಮುಂದೆ ಅಲ್ಲಿನ ವಾರ್ಡಿನಲ್ಲಿ ಮುಜುಗರ ತಪ್ಪುತ್ತದೆ.

ಉಚ್ಚಾರಣೆಯಲ್ಲಿ ಬ್ರಿಟಿಷರ ಹಾಗೆ ಮಾತಾಡಬೇಕು ಅನ್ನೋದು ಇನ್ನೊಂದು ಕಟ್ಟುಕಥೆ. ನಮ್ಮ ಧಾಟಿ ಇದ್ದರೆ ತೊಂದರೆ ಇಲ್ಲ, ಮಾತು ಸುಲಭವಾಗಿ ಅರ್ಥವಾಗಬೇಕು. ಸರಿಮಾಡಿಕೊಳ್ಳಬೇಕಾದ್ದು ಬೇರೆ ಇದೆ. ಪದದ ಕೊನೆಗೆ ‘ಉ’ ಅಂಟಿಸುವುದು: ಶರ್ಟು, ಡ್ರೆಸ್ಸು, ಕೋಟು. ಪದದ ಮೊದಲಿಗೆ ‘ಯ’, ‘ವ’ ತರುವುದು: ಯೆವೆರಿ ಡೇ, ವೋನ್ಲಿ. ‘ಕಂಫರ್ಟಬಲ್’ನಲ್ಲಿ ಟೇಬಲ್ ಇಡಬೇಡಿ, ‘ಕಂಫ್ಟಬಲ್’ ಅಂತ ಚಿಕ್ಕದಾಗಿ ಹೇಳಿ. ‘ಕ್ಲೋತಿಸ್’ ಅಂತ ಎಳೆಯಬೇಡಿ. ‘ಕ್ಲೋಜ಼್’ ಅಂತ ಒಂದೇ ಉಸಿರಲ್ಲಿ ಹೇಳಿದರೆ ಸಾಕು, ಇಂಗ್ಲಿಷ್ ತಾಯ್ನುಡಿಯವರಲ್ಲೂ ಎಷ್ಟೋ ಜನ ಹಾಗೇ ಹೇಳುವುದು. ಈ ನಾಲ್ಕು ತಿದ್ದಿಕೊಂಡರೆ ಅರ್ಧ ಕೆಲಸ ಆಯಿತು.

ಅಭ್ಯಾಸ ಹೇಗೆ ಅಂದರೆ, ಸಿದ್ಧ ಉತ್ತರಗಳ ಪಿಡಿಎಫ್ ಮುಚ್ಚಿಡಿ. ಡ್ಯೂಟಿ ಮುಗಿಸಿ ಬಂದ ಮೇಲೆ ಫೋನಿನಲ್ಲಿ ಒಂದು ಪ್ರಶ್ನೆಗೆ ಉತ್ತರ ರೆಕಾರ್ಡ್ ಮಾಡಿ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಮಾರನೇ ದಿನ ಅದೇ ಪ್ರಶ್ನೆಗೆ ಬೇರೆ ಉತ್ತರ ಹೇಳಬೇಕು. ಮೊದಲಿನದನ್ನೇ ಒಪ್ಪಿಸಿದರೆ ಅದು ಮತ್ತೆ ಬಾಯಿಪಾಠದ ಕಡೆಗೇ ಜಾರುತ್ತದೆ. ಹಾಸ್ಟೆಲಿನಲ್ಲೋ ಪಾಳಿಯಲ್ಲೋ ಗೆಳತಿ ಇದ್ದರೆ ‘ಯಾಕೆ?’ ಅಂತ ಮಾತ್ರ ಕೇಳುತ್ತಾ ಇರು ಅಂತ ಕೂರಿಸಿಕೊಳ್ಳಿ.

ಮತ್ತೆ ಬರೆಯಬೇಕಾ ಅಂದಿರಿ. ನಿಮಗೆ ನಾಲ್ಕು ದಾರಿಗಳಿವೆ.

ರೆಕಾರ್ಡಿಂಗ್ ಮತ್ತೊಮ್ಮೆ ಕೇಳಿ ಅಂಕ ಕೊಡಿ ಅಂತ ಅರ್ಜಿ ಹಾಕಬಹುದು. ಪರೀಕ್ಷೆಯ ದಿನದಿಂದ ಆರು ವಾರದೊಳಗೆ ಹಾಕಬೇಕು. ಅಂಕ ಏರಿದರೆ ಕಟ್ಟಿದ ಹಣ ವಾಪಸ್ ಬರುತ್ತದೆ, ಇಲ್ಲದಿದ್ದರೆ ಹೋಯಿತು. ಅರ್ಧ ಬ್ಯಾಂಡ್ (ಈ ಪರೀಕ್ಷೆಯ ಅಂಕಕ್ಕೆ ಹಾಗನ್ನುತ್ತಾರೆ) ಅಷ್ಟೇ ಬೇಕಾಗಿರುವುದರಿಂದ ಆಸೆ ಆಗುತ್ತದೆ ನಿಜ. ಆದರೆ ನೀವೇ ತಡವರಿಸಿದೆ ಅಂತ ಹೇಳುತ್ತಿದ್ದೀರಿ. ನಾನಾಗಿದ್ದರೆ ಇದಕ್ಕೆ ದುಡ್ಡು ಹಾಕುತ್ತಿರಲಿಲ್ಲ.

ಕಂಪ್ಯೂಟರಿನಲ್ಲಿ ಪರೀಕ್ಷೆ ಕೊಟ್ಟವರು 60 ದಿನದೊಳಗೆ ಒಂದೇ ವಿಭಾಗವನ್ನು ಮತ್ತೆ ತೆಗೆದುಕೊಳ್ಳುವ ಅವಕಾಶವೂ ಇದೆ. ಒಂದು ಪರೀಕ್ಷೆಗೆ ಒಂದೇ ಸಲ. ಎಲ್ಲ ಸಂಸ್ಥೆಗಳೂ ಆ ಅಂಕ ಒಪ್ಪುವುದಿಲ್ಲ. ಹಣ ಕಟ್ಟುವ ಮೊದಲು ನಿಮ್ಮ ಅರ್ಜಿ ಹೋಗುವ ಕಡೆ ಒಪ್ಪುತ್ತಾರಾ ಅಂತ ಬರೆದು ಕೇಳಿ, ಉತ್ತರ ಇಟ್ಟುಕೊಳ್ಳಿ.

ಮೂರನೆಯದು ನಿಮಗೆ ಹೆಚ್ಚು ಹೊಂದುತ್ತದೆ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್, ಅಂದರೆ ಎನ್‌ಎಂಸಿ, 12 ತಿಂಗಳೊಳಗಿನ ಎರಡು ಪರೀಕ್ಷೆಗಳ ಅಂಕ ಸೇರಿಸಿ ನೋಡುತ್ತದೆ. ಷರತ್ತು ಏನೆಂದರೆ ಎರಡರಲ್ಲೂ ಸ್ಪೀಕಿಂಗ್, ಲಿಸನಿಂಗ್, ರೀಡಿಂಗ್ 6.5ಕ್ಕಿಂತ ಕೆಳಗೆ ಇಳಿಯಬಾರದು, ರೈಟಿಂಗ್ 6ಕ್ಕಿಂತ ಇಳಿಯಬಾರದು. ನಿಮ್ಮ ಮೊದಲ ಪರೀಕ್ಷೆ ಇದರೊಳಗೇ ಇದೆ. ಎರಡನೇ ಸಲ ಸ್ಪೀಕಿಂಗ್‌ನಲ್ಲಿ 7 ತಂದು, ಮಿಕ್ಕವನ್ನು ಆ ಕೆಳಮಟ್ಟದ ಮೇಲೆ ಉಳಿಸಿಕೊಂಡರೆ ದಾರಿ ಆಯಿತು. ಅಪಾಯ ಇರುವುದು ಅಲ್ಲೇ. ಸ್ಪೀಕಿಂಗ್ ಒಂದನ್ನೇ ಓದಿ ಹೋಗಿ ರೀಡಿಂಗ್‌ನಲ್ಲಿ 6 ತಂದವರನ್ನು ಕಂಡಿದ್ದೇನೆ. ಪೂರ್ತಿ ಲೆಕ್ಕ ಕೆಟ್ಟುಹೋಗುತ್ತದೆ. ನಿಯಮ ಬದಲಾಗುತ್ತಾ ಇರುತ್ತವೆ, ಅರ್ಜಿ ಹಾಕುವ ದಿನ ಎನ್‌ಎಂಸಿ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಕೊನೆಯದು ಒಇಟಿ, ಆರೋಗ್ಯ ಕೆಲಸದವರಿಗೇ ಮಾಡಿದ ಪರೀಕ್ಷೆ. ಅಲ್ಲಿ ಮಾತು ಅಂದರೆ ರೋಗಿಯ ಜೊತೆಗಿನ ಎರಡು ಸಂಭಾಷಣೆ, ಸುಮಾರು ಐದೈದು ನಿಮಿಷ. ಬಟ್ಟೆ, ಹವ್ಯಾಸ ಇಂಥದ್ದಕ್ಕೆ ಅಂಕ ಇಲ್ಲ. ಎನ್‌ಎಂಸಿಗೆ ಸ್ಪೀಕಿಂಗ್, ಲಿಸನಿಂಗ್, ರೀಡಿಂಗ್‌ನಲ್ಲಿ ಬಿ, ರೈಟಿಂಗ್‌ನಲ್ಲಿ ಸಿ ಪ್ಲಸ್ ಬೇಕು. ವಾರ್ಡಿನಲ್ಲಿ ರೋಗಿಗಳ ಜೊತೆ ಚೆನ್ನಾಗಿ ಮಾತಾಡುವವರಿಗೆ ಇದು ಸಲೀಸು ಅನ್ನಿಸುತ್ತದೆ. ಆದರೆ ಶುಲ್ಕ ಐಇಎಲ್‌ಟಿಎಸ್‌ಗಿಂತ ಬಹಳ ಜಾಸ್ತಿ. ನಾಲ್ಕೂ ವಿಭಾಗಕ್ಕೆ ಹೊಸದಾಗಿ ತಯಾರಾಗಬೇಕು. ಅರ್ಧ ಬ್ಯಾಂಡಿಗೋಸ್ಕರ ನಾನು ನಿಮಗೆ ಇದನ್ನು ಮೊದಲು ಹೇಳಲ್ಲ. ಮುಂದಿನ ಸಲವೂ ಸ್ಪೀಕಿಂಗ್ ಒಂದೇ ಕೈಕೊಟ್ಟರೆ ಆಗ ಯೋಚಿಸಿ.

ಚೂಡಿದಾರ್ ವಿಷಯ. ಏನೂ ತಪ್ಪಾಗಿಲ್ಲ. ಬ್ಲೇಜರ್ ಬಾಡಿಗೆಗೆ ತಂದು ಹೋಗುವವರೂ ಇದ್ದಾರೆ, ಬೆವರುವುದೊಂದೇ ಲಾಭ. ಒಗೆದು ಒಗೆದು ಮೈಗೆ ಒಗ್ಗಿದ ಬಟ್ಟೆ ಹಾಕಿಕೊಂಡು ಹೋಗಿ. ಅವತ್ತು ಹೊಸದು ಬೇಡ. ಬೆಂಗಳೂರಿನ ಸೆಂಟರಿಗೆ ಹೋಗುವುದಾದರೆ ಹಿಂದಿನ ದಿನವೇ ತಲುಪಿ, ನೆಂಟರ ಮನೆ ಇದ್ದೇ ಇರುತ್ತದೆ. ಎಸಿ ಹಾಲ್‌ಗಳು ತಣ್ಣಗಿರುತ್ತವೆ, ಜೇಬಿಲ್ಲದ ತೆಳು ಸ್ವೆಟರ್ ಒಂದಿರಲಿ. ವಾಚ್ ಒಳಗೆ ಬಿಡುವುದಿಲ್ಲ, ಮನೆಯಲ್ಲೇ ಬಿಟ್ಟು ಬನ್ನಿ. ಪಾಸ್‌ಪೋರ್ಟ್ ಮರೆತರೆ ಮಾತ್ರ ಬಾಗಿಲಿಂದಲೇ ವಾಪಸ್ ಕಳಿಸುತ್ತಾರೆ.